ಹಸಿರು ಸೊಪ್ಪಿನೊಳಗೆ ಲೋಹ ಇರಬಹುದೇ?

ನೀವು ಹಾಕಿಕೊಂಡಿರುವ ಬನಿಯನ್ ತಿರುಪ್ಪೂರಿನದೇ ಇರಬಹುದು. ಬಟ್ಟೆಗೆ ಬಣ್ಣ ಕಟ್ಟಲು ರಾಶಿ ನೀರು ಬೇಕು. ಕೆಲಸ ಮುಗಿದ ಮೇಲೆ ಆ ನೀರು ಎಲ್ಲಿಗಾದರೂ ಹೋಗಲೇಬೇಕಲ್ಲ? ಬಹಳ ವರ್ಷ ಅದು ಹೋಗಿದ್ದು ನೊಯ್ಯಲ್ ನದಿಗೆ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ಈ ನದಿ ಕೊಯಮತ್ತೂರು, ತಿರುಪ್ಪೂರು ದಾಟಿ ಕರೂರು ಜಿಲ್ಲೆಯಲ್ಲಿ ಕಾವೇರಿ ಸೇರುತ್ತದೆ. ನೀರಾವರಿಗೆಂದೇ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬಣ್ಣದ ನೀರು ನಿಂತು, ಅದು ಹೊಲಕ್ಕೆ ಬೇಡವೆಂದು ರೈತರೇ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು.

ಬಣ್ಣದ ನೀರಿನಲ್ಲಿ ಹೆಚ್ಚಾಗಿ ಇರುವುದು ಉಪ್ಪು. ಆದರೆ ಕೆಲವು ಬಣ್ಣಗಳಲ್ಲಿ ತಾಮ್ರ, ಕ್ರೋಮಿಯಂ ಇರುತ್ತವೆ. ಕೊಯಮತ್ತೂರಿನಂಥ ಯಂತ್ರೋದ್ಯಮದ ಊರಲ್ಲಿ ಬಿಡಿಭಾಗಗಳಿಗೆ ಲೋಹದ ಲೇಪ ಹಾಕುವ ಕೆಲಸದಿಂದ ನಿಕ್ಕಲ್, ಕ್ರೋಮಿಯಂ ಬರುತ್ತವೆ. ಉಪ್ಪನ್ನು ಒಳ್ಳೆಯ ಮಳೆ ತೊಳೆದೀತು. ಲೋಹ ಹಾಗಲ್ಲ, ಮಣ್ಣಿಗೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಅದು ಧಾತು ನೋಡಿ, ಕೊಳೆತು ಇಲ್ಲವಾಗುವ ವಸ್ತುವಲ್ಲ.

ಇಂಥ ಮಣ್ಣಲ್ಲಿ ಗಿಡ ಏನು ಮಾಡತ್ತೆ? ಬೇರಿಗೆ ಸತು, ಕಬ್ಬಿಣ, ಮ್ಯಾಂಗನೀಸ್ ಬೇಕು. ಅವನ್ನು ಒಳಗೆ ಬಿಡಲು ಬೇರಿನಲ್ಲಿ ಬಾಗಿಲುಗಳಿವೆ. ಕ್ಯಾಡ್ಮಿಯಂ ಅದೇ ಬಾಗಿಲಲ್ಲಿ ನುಸುಳುತ್ತದೆ. ಕ್ರೋಮಿಯಂನ ವಿಷಕಾರಿ ರೂಪವಾದ ಕ್ರೋಮೇಟ್, ಸಲ್ಫೇಟ್‌ನ ವೇಷದಲ್ಲಿ ಬರುತ್ತದೆ. ಗಿಡ ಸುಮ್ಮನೆ ಕೂರುವುದಿಲ್ಲ. ಕ್ಯಾಡ್ಮಿಯಂ ಕಂಡ ಕೂಡಲೇ ಫೈಟೊಕೆಲಾಟಿನ್ ಎಂಬ ಪುಟ್ಟ ಸರಪಳಿ ತಯಾರಿಸುತ್ತದೆ. ಅದರಲ್ಲಿರುವ ಗಂಧಕ ಲೋಹವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆಮೇಲೆ ಆ ಗಂಟನ್ನು ಜೀವಕೋಶದ ರಸದಾನಿಗೆ ತಳ್ಳಿ ಮುಚ್ಚಿಡುತ್ತದೆ, ಮನೆಯ ಅಟ್ಟಕ್ಕೆ ಬೇಡದ ಸಾಮಾನು ಹಾಕಿದ ಹಾಗೆ.

ಗಿಡ ಬದುಕಿತು, ಸರಿ. ಆದರೆ ಆ ಅಟ್ಟ ಎಲೆಯಲ್ಲಿದ್ದರೆ? ಅದೇ ಸೊಪ್ಪಿನ ಸಾರು ನಮ್ಮ ತಟ್ಟೆಗೆ ಬರತ್ತೆ! ಜಪಾನಿನ ಜಿಂಜು ನದಿಯ ಬಯಲಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ಗದ್ದೆ ಸೇರಿತ್ತು. ಭತ್ತ ಬೆಳೆಯುತ್ತಲೇ ಇತ್ತು, ಜನ ಉಣ್ಣುತ್ತಲೇ ಇದ್ದರು. ಮೂಳೆಗಳು ಮೆದುವಾಗಿ ಮುರಿಯತೊಡಗಿದವು. ಆ ಕಾಯಿಲೆಯ ಹೆಸರೇ ‘ಇತಾಯ್ ಇತಾಯ್’, ಅಂದರೆ ‘ನೋವು, ನೋವು’. ಅದಕ್ಕೆ ಮಾಲಿನ್ಯವೇ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ.

ಹಾಗಾಗಿ ಗಿಡ ತಾಳಿಕೊಂಡರಷ್ಟೇ ಸಾಲದು. ಲೋಹ ಮಣ್ಣಲ್ಲೇ, ಹೆಚ್ಚೆಂದರೆ ಬೇರಲ್ಲೇ ನಿಲ್ಲಬೇಕು. ಜಪಾನಿನ ವಿಜ್ಞಾನಿಗಳು ಕೊಶಿಹಿಕಾರಿ ಭತ್ತದಲ್ಲಿ ಮ್ಯಾಂಗನೀಸ್ ಬಾಗಿಲೊಂದನ್ನು ಕೆಡಿಸಿ, ಕಾಳಿಗೆ ಕ್ಯಾಡ್ಮಿಯಂ ಬಹಳ ಕಡಿಮೆ ಸೇರುವ ತಳಿಯನ್ನು 2012ರಲ್ಲಿ ತೋರಿಸಿದರು. ನಮ್ಮ ರೈತರ ಕೈಯಲ್ಲಿರುವ ಉಪಾಯ ಇನ್ನೂ ಸರಳ: ಚೆನ್ನಾಗಿ ಕಳಿತ ಗೊಬ್ಬರ. ಅದು ಲೋಹವನ್ನು ಹಿಡಿದಿಡುತ್ತದೆ, ಕ್ರೋಮೇಟನ್ನು ಅಷ್ಟಾಗಿ ಕರಗದ ರೂಪಕ್ಕೆ ಬದಲಾಯಿಸಲೂ ನೆರವಾಗುತ್ತದೆ. ಸುಣ್ಣ ಹಾಕಿ ಅಂತ ಪುಸ್ತಕಗಳು ಹೇಳುತ್ತವೆ. ಅದು ಹುಳಿ ಮಣ್ಣಿಗೆ ಸರಿ. ಕೊಯಮತ್ತೂರು ಕಡೆಯ ಎಷ್ಟೋ ಕಪ್ಪು ಮಣ್ಣಲ್ಲಿ ಸುಣ್ಣ ಮೊದಲೇ ತುಂಬಿದೆ, ಇನ್ನಷ್ಟು ಸುರಿದು ಪ್ರಯೋಜನ ಕಡಿಮೆ.

ಬೆಳೆಯ ಆಯ್ಕೆಯೂ ಮುಖ್ಯ. ಸಾಮಾನ್ಯವಾಗಿ ಸೊಪ್ಪಿನಲ್ಲಿ ಲೋಹ ಹೆಚ್ಚು ಸೇರುತ್ತದೆ, ಕಾಳು-ಹಣ್ಣುಗಳಲ್ಲಿ ಕಡಿಮೆ. ಅನುಮಾನವಿರುವ ಹೊಲದಲ್ಲಿ ಕೀರೆ ಬೆಳೆಯುವುದಕ್ಕಿಂತ ಹತ್ತಿಯೋ ಚೆಂಡುಹೂವೋ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಮನೆಯಲ್ಲಿ ಮಣ್ಣು ಆರೋಗ್ಯ ಕಾರ್ಡ್ ಇದ್ದರೆ ತೆಗೆದು ನೋಡಿ. ಅದರಲ್ಲಿ 12 ಅಂಶಗಳಿರುತ್ತವೆ. ಸತು, ತಾಮ್ರ, ಕಬ್ಬಿಣ ಇವೆ, ಅದೂ ಪೋಷಕಾಂಶಗಳೆಂಬ ಲೆಕ್ಕದಲ್ಲಿ. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ ಇಲ್ಲ. ನದಿಯ ಪಕ್ಕ ಅಥವಾ ಹಳೆಯ ಕಾರ್ಖಾನೆಯ ಕೆಳಗೆ ಹೊಲ ಇದ್ದರೆ, ಭಾರಲೋಹದ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಬೇರೆಯಾಗಿಯೇ ಕೇಳಿ ಮಾಡಿಸಬೇಕು.