ನಿಮಗಿದು ಗೊತ್ತೆ? ಕರೆಂಟ್ ಹೋದರೂ ಆನಿಮೇಷನ್ ಉಳಿಯುತ್ತದೆ!

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ನಾಲ್ಕು ಕೊಂಬಿನ ಕೊಂಡುಕುರಿ 10 ಸೆಕೆಂಡ್ ಓಡುವ ದೃಶ್ಯವನ್ನು ಕಂಪ್ಯೂಟರಿನಲ್ಲಿ ಮಾಡಲು, ಸೆಕೆಂಡಿಗೆ 24ರಂತೆ 240 ಚಿತ್ರಗಳು ಬೇಕು. ಒಂದೊಂದು ಚಿತ್ರ ರೆಂಡರ್ ಆಗಲು (ಕಂಪ್ಯೂಟರ್ ಅದನ್ನು ಅಂತಿಮವಾಗಿ ರೂಪಿಸಲು) 2 ನಿಮಿಷ ಹಿಡಿದರೆ ಒಟ್ಟು 8 ಗಂಟೆ!

ನೇರವಾಗಿ ವಿಡಿಯೊ ಫೈಲಿಗೆ ರೆಂಡರ್ ಮಾಡುವಾಗ ಕರೆಂಟ್ ಹೋದರೆ ಅಷ್ಟೂ ಕೆಲಸ ಹಾಳಾಗಬಹುದು. ಬದಲಿಗೆ ಪಿಎನ್‌ಜಿ ಚಿತ್ರಗಳ ಸರಣಿಯಾಗಿ ಉಳಿಸಿ. 150ನೇ ಚಿತ್ರದಲ್ಲಿ ನಿಂತರೆ ಅಲ್ಲಿಂದಲೇ ಮುಂದುವರಿಸಬಹುದು.

ರೆಂಡರ್ ಆದ ಚಿತ್ರದಲ್ಲಿ ಮರಳು ಎರಚಿದಂತೆ ಚುಕ್ಕೆಗಳು ಕಂಡರೆ ರೆಂಡರ್ ಸೆಟ್ಟಿಂಗ್‌ನಲ್ಲಿ ಸ್ಯಾಂಪಲ್ (ಪ್ರತಿ ಪಿಕ್ಸೆಲ್‌ನ ಬೆಳಕಿನ ಲೆಕ್ಕ) ಸಂಖ್ಯೆ ಹೆಚ್ಚಿಸಿ, ಇಲ್ಲವೇ ಚುಕ್ಕೆ ಅಳಿಸುವ ಡಿನಾಯ್ಸ್ ಆನ್ ಮಾಡಿ.

2002ರಲ್ಲಿ ಮುಕ್ತ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ಇವೆಲ್ಲ ಉಚಿತ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಆನಿಮೇಷನ್ ಸಿನಿಮಾ ‘ಫ್ಲೋ’ ಸಿದ್ಧವಾದದ್ದೂ ಇದರಲ್ಲೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಹವ್ಯಾಸಿಗಳಿಗೂ ಅದೇ ಸಾಧನ ಕೈಗೆಟುಕುತ್ತದೆ.