ಹಾಲಿನ ತೊಟ್ಟಿಗೆ ಎಷ್ಟು ಹೊಳಪು ಬೇಕು?

ಸ್ಟೇನ್‌ಲೆಸ್ ಸ್ಟೀಲಿನ ತಗಡು ಕೈಗೆ ಎಷ್ಟೇ ನುಣುಪೆನಿಸಿದರೂ ಅದರ ಮೈಯೆಲ್ಲ ಸಣ್ಣ ಉಬ್ಬುತಗ್ಗುಗಳೇ. ಈ ಏರಿಳಿತದ ಸರಾಸರಿಗೆ ‘ಆರ್‌ಎ’ ಎಂದು ಹೆಸರು. ಅದನ್ನು ಮೈಕ್ರಾನ್‌ಗಳಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದ ಸುಮಾರು 0.4ರಿಂದ 0.7 ಮೈಕ್ರಾನ್. ಉಬ್ಬುತಗ್ಗುಗಳು ಅದಕ್ಕಿಂತ ತೀರ ಚಿಕ್ಕವಾದಾಗ ಬೆಳಕು ಚದುರದೆ ನೇರ ಮರಳುತ್ತದೆ, ಉಕ್ಕು ಕನ್ನಡಿಯಾಗುತ್ತದೆ. ಉದ್ದಿಮೆಯವರು ಇದನ್ನು ‘ನಂಬರ್ 8 ಫಿನಿಶ್’ ಎನ್ನುತ್ತಾರೆ.

ಈ ನುಣುಪಿನ ಬೆಲೆ ತಿಳಿಯುವುದು ಹಾಲಿನ ಉದ್ಯಮದಲ್ಲಿ. ಹಳ್ಳಿಯ ಕ್ಯಾನಿನಿಂದ ಹಿಡಿದು ಶೀತಲ ತೊಟ್ಟಿ, ಟ್ಯಾಂಕರ್, ಪೈಪುಗಳವರೆಗೆ ಹಾಲು ತಾಗುವುದು ಬಹುಮಟ್ಟಿಗೆ ಉಕ್ಕಿಗೇ. ಬ್ಯಾಕ್ಟೀರಿಯಾಗಳ ಗಾತ್ರ ಸಾಮಾನ್ಯವಾಗಿ 0.5ರಿಂದ 2 ಮೈಕ್ರಾನ್. ಗೀರು ಅವು ಅಡಗುವಷ್ಟು ಆಳವಿದ್ದರೆ, ಅಲ್ಲೇ ಹಾಲಿನ ಜಿಡ್ಡು, ಪ್ರೋಟೀನು, ಸುಣ್ಣದಂಶ ಸೇರಿ ಗಟ್ಟಿಯಾದರೆ, ತೊಳೆಯುವ ನೀರು ಒಳಗೆ ಮುಟ್ಟುವುದಿಲ್ಲ. ಆದ್ದರಿಂದ ಹಾಲು ತಾಗುವ ಮೈಯ ಆರ್‌ಎ 0.8 ಮೈಕ್ರಾನ್ ಮೀರಬಾರದೆಂಬುದು ಜಗತ್ತಿನ ಡೇರಿಗಳಲ್ಲಿ ಬಳಕೆಯಲ್ಲಿರುವ ಮಿತಿ.

ಹೊಳಪು ತರುವ ಕೆಲಸ ತಾಳ್ಮೆಯದು. ಮೊದಲು ಬೆಸುಗೆಯ ಉಬ್ಬನ್ನು ಉಜ್ಜಿ ಸಮ ಮಾಡುತ್ತಾರೆ. ಆಮೇಲೆ 120, 180, 240, 320, 400 ನಂಬರಿನ ಎಮೆರಿ ಪಟ್ಟಿಗಳು ಒಂದಾದ ಮೇಲೊಂದು ಬರುತ್ತವೆ. ಪ್ರತಿ ಹಂತದಲ್ಲೂ ಉಜ್ಜುವ ದಿಕ್ಕನ್ನು ಬದಲಿಸಿದರೆ ಹಿಂದಿನ ಗೀರು ಉಳಿದಿದೆಯೋ ಅಳಿದಿದೆಯೋ ಗೊತ್ತಾಗುತ್ತದೆ. ನಡುವೆ ಒಂದು ಹಂತ ಬಿಟ್ಟರೆ, ಕೊನೆಯ ಬಫಿಂಗ್‌ನಲ್ಲಿ ಆ ಗೀರು ಮತ್ತೆ ಎದ್ದು ಕಾಣುತ್ತದೆ. ಕಡೆಗೆ ಕತ್ತಾಳೆ ನಾರಿನ ಚಕ್ರ, ನಂತರ ಹತ್ತಿಬಟ್ಟೆಯ ಚಕ್ರಕ್ಕೆ ಪಾಲಿಶ್ ಮೇಣ ಸವರಿ ತಿರುಗಿಸುತ್ತಾರೆ. ಇದೇ ಬಫಿಂಗ್.

ಬಫಿಂಗ್‌ಗೆ ಒಂದು ದೋಷವಿದೆ. ಚಕ್ರದ ಒತ್ತಡಕ್ಕೆ ಲೋಹದ ತೆಳು ಪದರ ಮಗುಚಿ, ಕೆಳಗೆ ಮೇಣ, ಕೊಳೆಯನ್ನು ಮುಚ್ಚಿಬಿಡಬಹುದು. ಆರ್‌ಎ ಅಂಕಿ ಮಾತ್ರ ಚೆನ್ನಾಗಿಯೇ ಇರುತ್ತದೆ. ಔಷಧ ಕಾರ್ಖಾನೆಗಳು ಎಲೆಕ್ಟ್ರೋಪಾಲಿಶ್ ಬಯಸಲು ಇದೂ ಒಂದು ಕಾರಣ. ಅದರಲ್ಲಿ ಫಾಸ್ಫಾರಿಕ್, ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ವಸ್ತುವನ್ನು ಮುಳುಗಿಸಿ, ಅದನ್ನೇ ಧನ ಧ್ರುವವಾಗಿಸಿ ವಿದ್ಯುತ್ ಹರಿಸುತ್ತಾರೆ. ಉಬ್ಬಿದ ತುದಿಗಳು ಮೊದಲು ಕರಗುತ್ತವೆ, ಮೇಲ್ಮೈಯಲ್ಲಿ ಕ್ರೋಮಿಯಂ ಪಾಲು ಏರುತ್ತದೆ. ತುಕ್ಕು ತಡೆಯುವುದು ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪೊರೆ. ಹೀಗೆ ಅದು ಗಟ್ಟಿಯಾಗುತ್ತದೆ.

ಹಾಗೆಂದು ಎಲ್ಲ ತೊಟ್ಟಿಗೂ ಕನ್ನಡಿ ಹೊಳಪು ಬೇಕಿಲ್ಲ. 0.8 ಮೈಕ್ರಾನಿನ ಒಳಗೆ ಚೆನ್ನಾಗಿ ಮುಗಿಸಿದ ಮೈ ಹಾಲಿಗೆ ಸಾಕು. ಅದರಾಚೆಯ ಖರ್ಚನ್ನು ಒಳಬೆಸುಗೆ, ಮೂಲೆಗಳ ನುಣುಪಿಗೆ ಹಾಕುವುದೇ ಮೇಲು. ಬಳಕೆಯಲ್ಲೂ ಹೊಳಪು ಕೆಡುತ್ತದೆ. ಕಬ್ಬಿಣದ ತಂತಿಬ್ರಷ್ಷಿನಿಂದ ಉಜ್ಜಿದರೆ ಗೀರುಗಳ ಜೊತೆ ಕಬ್ಬಿಣದ ಕಣಗಳೂ ಅಂಟಿ ತುಕ್ಕು ಹಿಡಿಯುತ್ತವೆ. ಬ್ಲೀಚಿಂಗ್ ಪುಡಿಯ ನೀರು ಹೆಚ್ಚು ಹೊತ್ತು ನಿಂತರೆ ಅದರ ಕ್ಲೋರೈಡ್ ಕ್ರೋಮಿಯಂ ಆಕ್ಸೈಡ್ ಪೊರೆಯನ್ನು ಕೊರೆದು ಸೂಜಿಮೊನೆಯಂಥ ಗುಂಡಿಗಳನ್ನು ಮಾಡುತ್ತದೆ.