ಕ್ವಾನ್‌ಝೌ ಕಂಬಗಳಲ್ಲಿ ನರಸಿಂಹ

ಚೀನಾದ ಆಗ್ನೇಯ ಕರಾವಳಿಯ ಕ್ವಾನ್‌ಝೌ ನಗರ. ಕೈಯುವಾನ್ ದೇಗುಲಕ್ಕೆ ಬಂದವರಲ್ಲಿ ಹೆಚ್ಚಿನವರು ಅಂಗಳದಲ್ಲಿ ಊದುಕಡ್ಡಿ ಹಚ್ಚಿ, ಒಳಗೆ ಸಾಲಾಗಿ ಕುಳಿತ ಐವರು ಬುದ್ಧರಿಗೆ ಕೈಮುಗಿದು, ಬಂದ ದಾರಿಯಲ್ಲೇ ಹೊರಡುತ್ತಾರೆ. ಆ ಎರಡು ಕಂಬಗಳು ಕಾಣಬೇಕಾದರೆ ಮುಖ್ಯ ಮಂದಿರವನ್ನು ಬಳಸಿ ಹಿಂದಿನ ಜಗಲಿಗೆ ಬರಬೇಕು.

ಹದಿನಾರು ಮುಖಗಳ, ಹಸಿರು ಛಾಯೆಯ ಕಲ್ಲಿನ ಕಂಬಗಳು. ಅವುಗಳ ಮೈಮೇಲೆ ಅಲ್ಲಲ್ಲಿ ದುಂಡನೆಯ ಚೌಕಟ್ಟುಗಳು, ಪ್ರತಿ ಚೌಕಟ್ಟಿನೊಳಗೆ ಒಂದು ಚಿತ್ರ. ಇಲ್ಲಿ ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಸೀಳುತ್ತಿದ್ದಾನೆ. ಅಲ್ಲಿ ಒರಳಿಗೆ ಕಟ್ಟಿಸಿಕೊಂಡ ಬಾಲಕೃಷ್ಣ ಅವಳಿ ಮತ್ತಿಮರಗಳ ನಡುವೆ ನುಗ್ಗುತ್ತಿದ್ದಾನೆ. ಗಜೇಂದ್ರನ ಮೊರೆಗೆ ವಿಷ್ಣು ಓಗೊಟ್ಟಿದ್ದಾನೆ, ಗೋಪಿಯರ ಸೀರೆಗಳೊಡನೆ ಕೃಷ್ಣ ಮರವೇರಿದ್ದಾನೆ. ಅದೇ ಕಂಬದ ಇನ್ನೊಂದು ಮಗ್ಗುಲಲ್ಲಿ ಅಪ್ಪಟ ಚೀನೀ ಹೂವುಗಳು, ಹಕ್ಕಿಗಳು.

ಉಳಿ ಹಿಡಿದವರು ಸ್ಥಳೀಯ ಶಿಲ್ಪಿಗಳೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ನನ್ನ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಪ್ರಹ್ಲಾದನ ಹೆಸರನ್ನೇ ಕೇಳದ ಕಲ್ಲುಕುಟಿಗನ ಮುಂದೆ ಕುಳಿತು, ಕಂಬ ಒಡೆದು ಬಂದ ದೇವರ ಕತೆಯನ್ನು ಯಾರೋ ಹೇಳಿರಬೇಕು. ಒಳಗೂ ಅಲ್ಲ ಹೊರಗೂ ಅಲ್ಲ, ಮನುಷ್ಯನೂ ಅಲ್ಲ ಮೃಗವೂ ಅಲ್ಲ ಎಂಬುದನ್ನು ಅರೆಬರೆ ಚೀನೀ ಮಾತಿನಲ್ಲಿ, ಕೈಸನ್ನೆಯಲ್ಲಿ ತಿಳಿಸಿರಬೇಕು. ಕೇಳಿಸಿಕೊಂಡವನು ಚೆನ್ನಾಗಿಯೇ ಕೇಳಿಸಿಕೊಂಡಿದ್ದಾನೆ.

ಈ ಕಂಬಗಳು ಹುಟ್ಟಿದ್ದು ಬುದ್ಧನ ಮನೆಗಲ್ಲ. ದಕ್ಷಿಣ ಭಾರತದ ವರ್ತಕರು ಈ ಬಂದರಿನಲ್ಲಿ ಕಟ್ಟಿಸಿದ್ದ ದೇಗುಲ ಹಾಳಾದ ಮೇಲೆ, ಮಿಂಗ್ ಅರಸರ ಕಾಲದ ಜೀರ್ಣೋದ್ಧಾರದಲ್ಲಿ ಇಲ್ಲಿಗೆ ಬಂದು ಸೇರಿದವು. ಮಂದಿರದ ಮುಂದಿನ ಜಗತಿಯ ಸುತ್ತ ಮನುಷ್ಯಮುಖದ ಸಿಂಹಗಳ ಎಪ್ಪತ್ತಕ್ಕೂ ಹೆಚ್ಚು ಉಬ್ಬುಶಿಲ್ಪಗಳಿವೆ. ಅವೂ ಹಾಗೆ ಬಂದವೇ. 686ರಲ್ಲಿ ಹುಟ್ಟಿದ ಬೌದ್ಧ ದೇಗುಲವೊಂದು ದಿಕ್ಕಿಲ್ಲದ ವಿಷ್ಣುವನ್ನು ಮನೆಗೆ ಕರೆದು ತನ್ನ ಚಾವಣಿಯ ಭಾರ ಹೊರಲು ನಿಲ್ಲಿಸಿಕೊಂಡಿತು.

ಕಟ್ಟಿಸಿದವರ ಸುಳಿವು ಒಂದು ಕಲ್ಲಿನಲ್ಲಿದೆ. 1956ರಲ್ಲಿ ಈ ಊರಲ್ಲಿ ಸಿಕ್ಕಿದ ತಮಿಳು ಶಾಸನವದು, ಕೊನೆಗೆ ಒಂದು ಸಾಲು ಚೀನೀ ಲಿಪಿ. ಶಕವರ್ಷ 1203, ಚಿತ್ರಾ ಮಾಸ, ಎಂದರೆ 1281ರ ಏಪ್ರಿಲ್. ತವಚ್ಚಕ್ಕರವರ್ತಿಗಳ್ ಸಂಬಂಧ ಪೆರುಮಾಳ್ ಎಂಬವರು ಖಾನನ ಫರ್ಮಾನಿನಂತೆ, ಅವನ ಶರೀರ ಸೌಖ್ಯಕ್ಕಾಗಿ, ತಿರುಕ್ಕದಲೀಶ್ವರ ದೇವರನ್ನು ಪ್ರತಿಷ್ಠೆ ಮಾಡಿಸಿದರು. ಚೀನಾದ ಸಿಂಹಾಸನದಲ್ಲಿ ಆಗ ಕುಬ್ಲಾಯಿ ಖಾನ್. ಮಂಗೋಲ ದೊರೆಗೆ ಆಯುರಾರೋಗ್ಯ ಕೋರಿ, ಚೀನಾದ ನೆಲದಲ್ಲಿ, ತಮಿಳಿನಲ್ಲಿ ಶಿವಪೂಜೆ!

ಆ ಇಸವಿಯನ್ನು ಸ್ವಲ್ಪ ನಿಂತು ನೋಡಬೇಕು. 1015, 1033, 1077ರಲ್ಲಿ ಸೊಂಗ್ ಆಸ್ಥಾನಕ್ಕೆ ರಾಯಭಾರ ಕಳಿಸಿದ್ದ ಚೋಳರು, 1025ರಲ್ಲಿ ಶ್ರೀವಿಜಯದ ಬಂದರುಗಳ ಮೇಲೆ ನೌಕಾಪಡೆ ನುಗ್ಗಿಸಿದ ಅದೇ ಚೋಳರು, 1279ರ ಹೊತ್ತಿಗೆ ಮುಗಿದಿದ್ದರು. ಅದೇ 1279ರಲ್ಲಿ ಸೊಂಗ್ ವಂಶದ ಕೊನೆಯ ಬಾಲಚಕ್ರವರ್ತಿ ಮಂಗೋಲರ ಕೈಗೆ ಸಿಕ್ಕದೆ ಸಮುದ್ರದ ಪಾಲಾದ. ಎರಡು ದೇಶಗಳ ಎರಡು ದೊಡ್ಡ ರಾಜ್ಯಗಳೂ ಅಳಿದು ಸುಮಾರು ಎರಡು ವರ್ಷವಾಗಿತ್ತಷ್ಟೆ, ಇಲ್ಲಿ ಲಿಂಗಪ್ರತಿಷ್ಠೆ ನಡೆಯಿತು. ನಮ್ಮ ದೇವರುಗಳು ಕಡಲಾಚೆ ಹೋದ ಕತೆಯನ್ನು ನಾವು ರಾಜರ ದಂಡಯಾತ್ರೆಯ ಬೆನ್ನಿಗೆ ಕಟ್ಟಿ ಹೇಳುತ್ತ ಬಂದಿದ್ದೇವೆ. ಕ್ವಾನ್‌ಝೌ ಮಟ್ಟಿಗೆ ಅದು ಸರಿಯಲ್ಲ. ಇಲ್ಲಿಗೆ ದೇವರನ್ನು ತಂದವರು ಮೆಣಸು ಮಾರುವವರು.

ಕೈಯುವಾನ್ ದೇಗುಲದ ಆವರಣದಲ್ಲೇ ಇರುವ ಹಡಗಿನ ಬಳಿಗೆ ಹೋದರೆ ಆ ವ್ಯಾಪಾರದ ಗಾತ್ರ ಕಣ್ಣಿಗೆ ಕಟ್ಟುತ್ತದೆ. 1974ರಲ್ಲಿ ಕೊಲ್ಲಿಯ ಕೆಸರಿನಿಂದ ಎತ್ತಿದ, 13ನೆಯ ಶತಮಾನದ ಮರದ ಹಡಗು. ಉಳಿದಿರುವ ಭಾಗವೇ 24 ಮೀಟರ್ ಉದ್ದ, ಒಡಲಲ್ಲಿ ಅಡ್ಡಗೋಡೆ ಹಾಕಿ ಬೇರ್ಪಡಿಸಿದ ಕೋಣೆಗಳು. ಅವುಗಳಲ್ಲಿ ಸಿಕ್ಕಿದ್ದು ಕಂತೆ ಕಂತೆ ಸುಗಂಧದ ಮರ, ಲೋಬಾನ, ಕಾಳುಮೆಣಸು. ನಮ್ಮ ಮಲೆನಾಡಿನ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಮರವೇ ಕ್ವಾನ್‌ಝೌ ಬೀದಿಗಳಲ್ಲೂ ಕೆಂಪಗೆ ಹೂಬಿಡುತ್ತದೆ. ಊರಿನ ಹೂವೇ ಅದು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಎಳೆ ಇದೆ, ಎಚ್ಚರದಿಂದ ಹಿಡಿಯಬೇಕಾದ ಎಳೆ. ಮಲಪ್ರಭೆಯ ದಡದ ಐಹೊಳೆಯನ್ನು ಮೂಲವೆನ್ನುತ್ತಿದ್ದ ಐನೂರ್ವರು ಎಂಬ ವರ್ತಕ ಸಂಘ ಶತಮಾನಗಳ ಕಾಲ ದಕ್ಷಿಣವನ್ನೆಲ್ಲ ಹಬ್ಬಿತ್ತು. ತಮಿಳುನಾಡಿಗೆ ಹೋದರೂ, ತಮಿಳಿನಲ್ಲಿ ಶಾಸನ ಬರೆಸಿದರೂ ಅದು ಆ ಹೆಸರು ಬಿಡಲಿಲ್ಲ. ಸುಮಾತ್ರದ ಬಾರುಸ್‌ನಲ್ಲಿ, ಕರ್ಪೂರದ ಸೀಮೆಯಲ್ಲಿ, 1088ರ ತಮಿಳು ಶಾಸನ ಐನೂರ್ವರದೇ. ಕ್ವಾನ್‌ಝೌ ಕಲ್ಲಿನಲ್ಲಿ ಅವರ ಹೆಸರಿಲ್ಲ, ಆದ್ದರಿಂದ ಇದು ಅವರದೇ ಗುಡಿ ಎನ್ನುವುದು ತಪ್ಪಾಗುತ್ತದೆ. ಆದರೆ ಪೂರ್ವಕ್ಕೆ ಹೋದ ಕಡಲದಾರಿಯನ್ನು ಸವೆಸಿದವರಲ್ಲಿ ಅವರಿದ್ದರು.

1357ರಿಂದ ಸುಮಾರು ಹತ್ತು ವರ್ಷ ಈ ಬಂದರು ದಂಗೆಯಲ್ಲಿ ಬೆಂದಿತು. ಹಿಂದೆಯೇ ಮಿಂಗ್ ಅರಸರು ಖಾಸಗಿ ಕಡಲ ವ್ಯಾಪಾರಕ್ಕೆ ನಿಷೇಧ ಹೇರಿದರು. ಗುಡಿಯ ಕಲ್ಲುಗಳು ಕೋಟೆಗೋಡೆಗೆ, ಕಟ್ಟಡಗಳಿಗೆ ಹಂಚಿಹೋದವು. 20ನೆಯ ಶತಮಾನದಲ್ಲಿ ಕೋಟೆ ಕೆಡವಿದಾಗ ಲಿಂಗಕ್ಕೆ ನಮಿಸುವ ಆನೆ, ಲಿಂಗದ ಮೇಲೆ ಹಾಲು ಕರೆಯುವ ಹಸು ಕಲ್ಲುರಾಶಿಯಲ್ಲಿ ಹೊರಬಂದವು. ಆನೆಯೊಂದು ಲಿಂಗವನ್ನು ಪೂಜಿಸಿತೆನ್ನುವ, ತಮಿಳುನಾಡಿನ ತಿರುವಾನೈಕ್ಕಾವಲ್‌ನ ಸ್ಥಳಪುರಾಣ ಬಲ್ಲವರಿಗೆ ಆ ಆನೆ ಯಾವುದೆಂದು ಹೇಳಬೇಕಾಗಿಲ್ಲ. ವೂ ವೆನ್‌ಲಿಯಾಂಗ್ ಎಂಬ ಶಾಲಾ ಶಿಕ್ಷಕರು ಇಂಥ ಕಲ್ಲುಗಳನ್ನು ಹುಡುಕಿ, ಕೂಡಿಟ್ಟು, 1957ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನಾವು ಅವರಿಗೆ ಋಣಿಗಳು. ಹಾಗೆ ಸಿಕ್ಕ ಹಿಂದೂ ಶಿಲ್ಪಗಳು ಸುಮಾರು 300. ಅವುಗಳಲ್ಲಿ ಅನೇಕವು ಇಂದು ನಗರದ ಸಾಗರ ವಸ್ತುಸಂಗ್ರಹಾಲಯದಲ್ಲಿವೆ.

ಒಂದು ಮೂರ್ತಿ ಮಾತ್ರ ಊರ ಹೊರಗಿನ ಚೆದಿಯಾನ್ ಹಳ್ಳಿಯ ಪುಟ್ಟ ಗುಡಿಯಲ್ಲಿದೆ. ನಾಲ್ಕು ಕೈ, ಕಾಲಡಿಯಲ್ಲಿ ರಾಕ್ಷಸ, ಎರಡೂ ಪಕ್ಕದಲ್ಲಿ ಪರಿಚಾರಕರು. ನಮ್ಮ ಕಣ್ಣಿಗೆ ದೇವಿ, ಹಳ್ಳಿಯವರಿಗೆ ಕರುಣೆಯ ಗ್ವಾನ್‌ಯಿನ್. ಆಕೆಯೆದುರು ಊದುಕಡ್ಡಿ ಹಚ್ಚಿ ಹರಕೆ ಹೊರುತ್ತಾರೆ. ಆ ಮೂರ್ತಿಯನ್ನು ಯಾರೂ ವಸ್ತುಸಂಗ್ರಹಾಲಯಕ್ಕೆ ಸಾಗಿಸದಿರಲಿ ಎಂಬುದು ನನ್ನ ಮನದಾಳದ ಬಯಕೆ. ಅಲ್ಲಿ ಆಕೆಗೆ ಶತಮಾನ ಬರೆದ ಚೀಟಿ ಸಿಕ್ಕೀತು. ಚೆದಿಯಾನ್‌ನಲ್ಲಿ ಪೂಜೆ ಸಿಗುತ್ತಿದೆ.